ಅತ್ತೆಗೆ ಹಿಟ್ಟು ಇಕ್ಕಿದವರು

ನಮ್ಮಣ್ಣನನ್ನು ಮದುವೆಗೆ ಕರೆಯಿರಿ, ಬರುವುದಿಲ್ಲ. ನಾಮಕರಣಕ್ಕೆ ಕರೆಯಿರಿ, ಮರೆತುಬಿಡುತ್ತಾನೆ. "ಸರ್ಕಾರದೋರು ನಮ್ಮ ಅರ್ಜಿ ತಳ್ಳಾಕ್ಬುಟ್ರು" ಎಂದು ಯಾರಾದರೂ ಅಳುತ್ತಾ ಬರಲಿ, ಒಬ್ಬಟ್ಟಿನ ಊಟಕ್ಕೆ ಎಲೆ ಹಾಕಿದಷ್ಟು ಖುಷಿ ಅವನಿಗೆ! ಇಂಥ ವಕೀಲನನ್ನು ಕಟ್ಟಿಕೊಂಡು ಸಂಸಾರ ತೂಗಿಸಿದ ನಮ್ಮ ಅತ್ತಿಗೆಗೇ ಮೊದಲು ಒಂದು ಪೆನ್ಷನ್ ಕೊಡಿಸಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ತಮಿಳುನಾಡಿಗೆ ಸೇರಿದ ನಮ್ಮ ಹೊಸೂರಿನ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಜಮೀನಿಗೆ ಬೆಲೆ ಬಂದು, ಬೇರೆ ವಕೀಲರೆಲ್ಲ ಜಮೀನಿನ ಕೇಸು ಹಿಡಿದು ಮಹಡಿ ಮನೆ ಕಟ್ಟಿದರು. ಇವನು ಮಾತ್ರ ಮುದುಕರ ಪೆನ್ಷನ್ನು, ವಿಧವೆಯರ ಪೆನ್ಷನ್ನು, ರೇಷನ್ ಕಾರ್ಡು ಎಂದುಕೊಂಡೇ ತಿರುಗಿದ. ಕರೀ ಕೋಟು ಹಾಕಿಕೊಂಡೇ ಸೈಕಲ್ ತುಳಿಯುತ್ತಿದ್ದ. ಬಿಸಿಲಿಗೆ ಆ ಕೋಟು ಬೂದು ಬಣ್ಣಕ್ಕೆ ತಿರುಗಿತ್ತು. ಕಚೇರಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಮಾತಾಡುತ್ತಿದ್ದ. ಕನ್ನಡವನ್ನು ನನ್ನನ್ನು ಬೈಯುವುದಕ್ಕೆ ಇಟ್ಟುಕೊಂಡಿದ್ದ. ನಾನೋ ಐದನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟು, ಅವಲಪಲ್ಲಿ ಪಕ್ಕದ ನಮ್ಮ ಹೊಲ ನೋಡಿಕೊಂಡವನು. ಬೈಸಿಕೊಳ್ಳುವುದಕ್ಕೆ ಓದು ಬೇಕಾಗುವುದಿಲ್ಲವಲ್ಲ.

ಒಮ್ಮೆ ಜೂಜುವಾಡಿಯ ಒಂದು ಸಂಸಾರಕ್ಕೆ ರೇಷನ್ ನಿಂತುಹೋಯಿತು. ಕಾರಣ ಏನು ಗೊತ್ತೇ? ಮನೆ ರಾಜ್ಯದ ಗಡಿಯ ಮೇಲಿದೆಯಂತೆ. ಹೊಸೂರಿನವರು "ಅತ್ತಿಬೆಲೆಗೆ ಹೋಗಿ" ಎಂದರು, ಕರ್ನಾಟಕದ ಕಡೆಯ ಅತ್ತಿಬೆಲೆಯವರು "ಹೊಸೂರಿಗೆ ಹೋಗಿ" ಎಂದರು. ಅಣ್ಣ ರೇಷನ್ ಅಧಿಕಾರಿಯನ್ನು ಆ ಮನೆಗೇ ಕರೆತಂದು ಜಗುಲಿಯ ಮೇಲೆ ಕೂರಿಸಿದ. ಮನೆಯಾಕೆ ಕಾಫಿ ತಂದುಕೊಟ್ಟಳು. ಅವರು ಕೊನೆಯ ಗುಟುಕು ಕುಡಿಯುವವರೆಗೂ ಅಣ್ಣ ಬಾಯಿ ಬಿಡಲಿಲ್ಲ. ಆಮೇಲೆ ಕೇಳಿದ. ಅವನು ಕೇಳಿದ್ದು ತಮಿಳಿನಲ್ಲಿ, ನಾನು ಕನ್ನಡದಲ್ಲಿ ಹೇಳುತ್ತೇನೆ: "ಇವರು ಮಲಗೋದು ಅತ್ಲಾಗೆ ಇರಬೌದು ಸಾರ್. ಒಲೆ ಇರೋದು ಇತ್ಲಾಗೆ. ಅಕ್ಕಿ ಬೇಯೋದು ಒಲೆ ಮೇಲೋ, ಚಾಪೆ ಮೇಲೋ? ನೀವೀಗ ಕುಡಿದ್ರಲ್ಲ, ಅದು ಯಾವ ರಾಜ್ಯದ ಕಾಫಿ?"

ಕಾರ್ಡು ಬಂತು. ಆ ಅಧಿಕಾರಿ ಮಾತ್ರ ಆಮೇಲೆ ಯಾರ ಮನೆಯಲ್ಲೂ ಕಾಫಿ ಮುಟ್ಟಲಿಲ್ಲವಂತೆ.

ಅಂಚೆಟ್ಟಿ ಕಡೆಯ ಒಬ್ಬ ಹೆಂಗಸಿನ ಗಂಡ ಕಾಡಿನಲ್ಲಿ ಆನೆ ತುಳಿದು ಸತ್ತ. ಸತ್ತಿದ್ದಕ್ಕೆ ಕಾಗದ ಇಲ್ಲ, ಆದ್ದರಿಂದ ಬದುಕಿದ್ದಾನೆ, ವಿಧವೆಯ ಪೆನ್ಷನ್ ಇಲ್ಲ ಎಂದ ಗುಮಾಸ್ತ. ಅಣ್ಣ ಅವನ ಮೇಜಿನ ಎದುರು ಒಂದು ಖಾಲಿ ಕುರ್ಚಿ ಹಾಕಿಸಿ, ತಾನು ಪಕ್ಕದಲ್ಲಿ ಕೂತ. "ಬದುಕವ್ನಲ್ಲ, ಬತ್ತಾನೆ. ಇಬ್ಬರೂ ಕಾಯಾನ." ಹೀಗೇ ದಿನಾ. ಖಾಲಿ ಕುರ್ಚಿ ನೋಡೀ ನೋಡೀ ಗುಮಾಸ್ತನಿಗೆ ಊಟ ಸೇರದಾಯಿತು. ಕೊನೆಗೆ ಸತ್ತವನು ಸರ್ಕಾರಿ ಲೆಕ್ಕದಲ್ಲೂ ಸತ್ತ.

ಇದನ್ನೆಲ್ಲ ನಾನು ನಗುತ್ತಲೇ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ನನ್ನ ಸರದಿ ಬಂದಾಗ ನಗು ಬರಲಿಲ್ಲ.

ನಮ್ಮಪ್ಪನ ತಂಗಿ, ನಮ್ಮತ್ತೆ, ಮಕ್ಕಳಿಲ್ಲದ ವಿಧವೆ. ಅವ್ವ ಹೊಲಕ್ಕೆ ಹೋದಾಗ ನಮ್ಮಿಬ್ಬರನ್ನೂ ಸೊಂಟದ ಮೇಲೆ ಹೊತ್ತು ತಿರುಗಿದವಳು. ವಯಸ್ಸಾಗಿ ಕೂಲಿಗೆ ಹೋಗಲಾರದೆ ಊರ ಕೊನೆಯ ಗುಡಿಸಲಿನಲ್ಲಿದ್ದಳು. ಅಣ್ಣ ಅವಳ ಪೆನ್ಷನ್ನಿಗೆ ಅರ್ಜಿ ಹಾಕಿದ. ರೆವಿನ್ಯೂ ಇನ್ಸ್‌ಪೆಕ್ಟರ್ ವಿಚಾರಣೆಗೆ ಬಂದು ಅರಳಿಕಟ್ಟೆಯ ಮೇಲೆ ಕೂತರು. ಊರೆಲ್ಲ ನೆರೆದಿತ್ತು.

"ಈ ಅಮ್ಮನಿಗೆ ನೋಡ್ಕೊಳ್ಳೋರು ಯಾರೂ ಇಲ್ವಾ?"

ನೀವೇ ಹೇಳಿ. ಒಗೆದ ಪಂಚೆ ಉಟ್ಟು, ಊರ ಮುಂದೆ ನಿಂತು, ಅಪ್ಪನ ಒಡಹುಟ್ಟಿದವಳಿಗೆ ಯಾರೂ ಇಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? "ಯಾಕಿಲ್ಲ ಸಾ? ನಾನಿಲ್ವಾ?" ಎಂದೆ. "ದಿನಾ ನಮ್ಮನೇದೇ ಹಿಟ್ಟು."

ದಿನಾ ಎಲ್ಲಿ ಬಂತು? ಹಬ್ಬಕ್ಕೊಮ್ಮೆ ಒಂದು ಲೋಟ ಪಾಯಸ ಕಳಿಸಿದ್ದುಂಟು, ಅಷ್ಟೇ. ಊರವರು ತಲೆಯಾಡಿಸಿದರು. ಅತ್ತೆಯೂ ತಲೆಯಾಡಿಸಿದಳು. ನೋಡಿಕೊಳ್ಳುವವರಿದ್ದರೆ ಪೆನ್ಷನ್ ಇಲ್ಲವಂತೆ, ಅರ್ಜಿ ವಜಾ ಆಯಿತು.

ಸುದ್ದಿ ಕೇಳಿ ಹೊಸೂರಿನ ಮನೆಯಿಂದ ಬಂದ ಅಣ್ಣ ಸೈಕಲ್ಲಿನಿಂದ ಇಳಿಯುವ ಮೊದಲೇ ಶುರುಮಾಡಿದ.

"ದಿನಾ ಇಕ್ತೀಯೇನ್ಲಾ?"

"ಊರ ಮುಂದೆ ಮರ್ವಾದೆ ಪ್ರಶ್ನೆ ಅಣ್ಣ."

"ಆ ಮರ್ವಾದೇನೇ ಮುದ್ದೆ ಕಟ್ಟಿ ಇಕ್ಕಿದ್ಯಾ? ಮೇಲ್ಮನವಿ ಹಾಕೀವ್ನಿ. ನೀನೇ ಸಾಕ್ಷಿ. ಬಂದು, ಇಕ್ಕಿಲ್ಲ ಅಂತ ಹೇಳ್ಬೇಕು."

"ನಾಳೆಯಿಂದ ಇಕ್ತೀನಿ ಬುಡಣ್ಣ."

"ಇಕ್ಕು, ಯಾರ್ ಬ್ಯಾಡ ಅಂದೋರು? ಅದು ನಿನ್ನ ಗುಣ. ಪೆನ್ಷನ್ನು ಅವಳ ಹಕ್ಕು. ನಿನಗೆ ಬೇಜಾರಾದ ದಿನ ಅವಳು ಉಪಾಸ ಇರ್ಬೇಕಾ?"

ವಿಚಾರಣೆಯ ದಿನ ಬಂತು, ನನ್ನ ಆ 'ನಾಳೆ' ಮಾತ್ರ ಬರಲಿಲ್ಲ.

ಹೊಸೂರಿನಲ್ಲಿ ಮೇಲಧಿಕಾರಿಯ ಮುಂದೆ ವಿಚಾರಣೆ. ನಮ್ಮೂರಿನವರೂ ಒಂದಷ್ಟು ಜನ ಬಂದಿದ್ದರು. ಅಣ್ಣ ನನ್ನ ಎದುರು ನಿಂತು, ಹುಟ್ಟಿದಾಗಿನಿಂದ ನನ್ನ ಮುಖವನ್ನೇ ಕಾಣದವನಂತೆ ತಮಿಳಿನಲ್ಲಿ ಕೇಳಿದ: "ನಿಮ್ಮ ಹೆಸರೇನು?"

"ಯಾಕಣ್ಣ, ನಿಂಗೊತ್ತಿಲ್ವಾ?"

ಅಧಿಕಾರಿ ನಕ್ಕರು. ಅಣ್ಣ ನಗಲಿಲ್ಲ.

"ಅರ್ಜಿದಾರಳಿಗೆ ನೀವು ದಿನಾ ಊಟ ಕೊಡ್ತೀರಾ?"

"ಇಲ್ಲ ಸಾ. ಊರ ಮುಂದೆ ದೊಡ್ಡಸ್ತಿಕೆಗೆ ಹಂಗಂದ್ಬುಟ್ಟೆ. ನಾನು ಇಕ್ಕಿಲ್ಲ."

ಹಿಂದಿನಿಂದ ಅತ್ತೆ ಎದ್ದಳು. "ಸುಳ್ಳು ಸಾಮಿ. ನನ್ನ ಕೂಸು ಅಂಥೋನಲ್ಲ. ದಿನಾ ಇಕ್ತಾನೆ."

ಅಣ್ಣನ ಮುಖ ಕಪ್ಪಿಟ್ಟಿತು. ಅತ್ತೆ ತನ್ನ ಕೇಸನ್ನು ತಾನೇ ಮುಳುಗಿಸುತ್ತಿದ್ದಳು.

"ಅತ್ತೆ, ಕುಂತ್ಕೋ" ಎಂದೆ.

"ನೀ ಸುಮ್ನಿರ್ಲಾ. ಪೆನ್ಷನ್ ಬಂದ್ರೆ ಬತ್ತದೆ, ಹೋದ್ರೆ ಹೋಯ್ತದೆ. ನಾಕು ಜನದ ಮುಂದೆ ನೀನ್ಯಾಕೆ ತಲೆ ಬಗ್ಸಬೇಕು?"

ಅಣ್ಣ ಅವಳ ಹತ್ತಿರ ಹೋದ. ಕಚೇರಿಯೊಳಗೆ ಅವನು ಕನ್ನಡ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅತ್ತೆ, ನೆನ್ನೆ ರಾತ್ರಿ ಏನ್ ಉಂಡೆ?"

ಅತ್ತೆ ಸೆರಗು ಸರಿಮಾಡಿಕೊಂಡಳು. ನನಗಾಗಿ ಏನು ಬೇಕಾದರೂ ಹೇಳಿಯಾಳು, ಉಣ್ಣದ ಅನ್ನವನ್ನು ಉಂಡೆ ಎಂದು ಮಾತ್ರ ಹೇಳಲಾರಳು. "ನೀರು ಕುಡ್ದು ಮನಿಕ್ಕಂಡೆ" ಎಂದಳು. "ಹಸಿವೇ ಇರ್ನಿಲ್ಲ ಕಣಪ್ಪ."

ಅಧಿಕಾರಿ ತಲೆ ಬಗ್ಗಿಸಿ ಆದೇಶ ಬರೆದರು. ಅತ್ತೆಗೆ ಪೆನ್ಷನ್ ಆಯಿತು.

ಅವಳು ಒಳಗೆ ಹೆಬ್ಬೆಟ್ಟು ಒತ್ತುತ್ತಿದ್ದಾಗ ನಾನು ಹೊರಗೆ ಬಂದೆ. ಅಣ್ಣ ಹುಣಿಸೆಮರದ ಬುಡದಲ್ಲಿ ಕೂತಿದ್ದ. ಗೆದ್ದ ದಿನ ಅವನು ಎದುರಿಗೆ ಸಿಕ್ಕವರಿಗೆಲ್ಲ ಟೀ ಕೊಡಿಸುವುದು ವಾಡಿಕೆ. ಅವತ್ತು ಕೋಟು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ. ನಾನು ಪಕ್ಕದಲ್ಲಿ ಕೂತೆ.

"ಬೈಯಣ್ಣ" ಎಂದೆ.

"ಏನಂತ ಬೈಯ್ಲಾ? ಪ್ಯಾಟೆಯಿಂದ ಊರಿಗೆ ಸೈಕಲ್ ತುಳಿದ್ರೆ ಎಷ್ಟೊತ್ತು? ನಾನೂ ಹೋಗಿ ಇಕ್ಕಿಲ್ಲ ಕಣ್ಲಾ. ನಿನ್ನ ನಿಲ್ಸಿ ಕೇಳ್ದೆ. ನನ್ನ ಯಾರೂ ಕೇಳ್ನಿಲ್ಲ."

ಅಷ್ಟರಲ್ಲಿ ಅತ್ತೆ ಹೆಬ್ಬೆರಳಿನ ಮಸಿಯನ್ನು ಮರದ ತೊಗಟೆಗೆ ಒರೆಸುತ್ತಾ ಬಂದು ನಮ್ಮಿಬ್ಬರ ನಡುವೆ ಕೂತಳು. ಒಮ್ಮೆ ಅವನ ಮುಖ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು.

"ವತ್ತಾರೆಯಿಂದ ಏನಾರ ಉಂಡ್ರೇನ್ಲಾ ಇಬ್ರೂ?" ಎಂದು ಕೇಳಿದಳು.