ಗೊತ್ತಿಲ್ಲಂದ್ರ ಪೇಜ್ ತೆರಿಯೂದಿಲ್ಲ!

ನಮ್ಮಣ್ಣನ ತಲಿ ಕೆಟ್ಟದ ಅಂತ ನಾ ಯಾಕ ಹೇಳ್ಲಿ? ಮುಂಬೈದ ಸಯನ್‌ನ್ಯಾಗ ನಮ್ಮ ಬಿಲ್ಡಿಂಗಿನ ವಾಚ್‌ಮನ್‌ಗೂ ಗೊತ್ತದ!

ಅಂವ ವೆಬ್‌ಸೈಟ್ ಮಾಡ್ತಾನ. ಅದರಾಗ ಟೆಂಪ್ಲೇಟ್ ಅಂತಿರ್ತದ, ಅಂದ್ರ ಅಚ್ಚು. ‘ಇಲ್ಲಿ ಹೆಸರು, ಇಲ್ಲಿ ತಾರೀಖು’ ಅಂತ ಜಾಗಾ ಬಿಟ್ಟಿರ್ತಾರ, ಆಮ್ಯಾಲ ಮಾಹಿತಿ ಬಂದು ತುಂಬ್ತದ. ಬರಲೇ ಇಲ್ಲಂದ್ರ? ಮರ್ಯಾದಸ್ತ ಮಂದಿ ಖಾಲಿ ಬಿಟ್ಟು ಪೇಜ್ ತೋರಸ್ತಾರ. ನಮ್ಮ ಸತ್ಯವಂತ ಅಣ್ಣ ಪೇಜನ್ನ ಬಂದ್ ಮಾಡಿ ಕೆಂಪಕ್ಷರದಾಗ ಬೈತಾನ!

ಕನ್ನಡ ಸಂಘದ ಕಾರ್ಯಕ್ರಮದ ಪೇಜ್ ಹಿಂಗ ಬಿತ್ತು. ಲಿಂಕ್ ಒತ್ತಿದ್ರ ‘ಮುಖ್ಯ ಅತಿಥಿ ಯಾರು? ಗೊತ್ತಿಲ್ಲ’, ಅಷ್ಟ! ಅಧ್ಯಕ್ಷರು ಮನೀಗೇ ಬಂದ್ರು.

“ಖಾಲಿ ಬಿಟ್ಟಿದ್ರ ಆಕಾಶ ಬೀಳ್ತಿತ್ತೇನ್ರಿ?”

“ಖಾಲಿ ಬಿಟ್ಟಿದ್ರ ನೀವು ಅತಿಥೀನ ಕರಿಯೂದ ಮರೀತಿದ್ರಿ!”

ಅಧ್ಯಕ್ಷರು ಅಲ್ಲೇ ನಿಂತು ಅತಿಥೀನ ಹುಡುಕಾಕ ಫೋನ್ ತಗದ್ರು. ಮರ್ತಿದ್ರು ಮತ್ತ!

ಮನ್ಯಾಗೂ ಇದ ಕಾಯ್ದೆ. ಅಣ್ಣನ ಹೆಂಡ್ತಿ, ನಮ್ಮ ವೈನಿ, ಒಮ್ಮೆ ಸಕ್ಕರಿ ತೀರೇದಂತ ಸಪ್ಪನ್ನ ಚಹಾ ಕೊಟ್ರು. “ಸಕ್ಕರಿ ಇಲ್ಲಂದ್ರ ಚಹಾನ ನಿಲ್ಲಬೇಕು” ಅಂದ. ವೈನಿ ನಿಲ್ಲಿಸಿಬಿಟ್ರು. ಐದನೇ ದಿನ ತಾನ ಹೋಗಿ ಸಕ್ಕರಿ ತಂದ.

ಇಂಥಾವನ ಕೈಯಾಗ ನನ್ನ ಮಗಳ ಲಗ್ನದ ಆಮಂತ್ರಣ ಕೊಟ್ಟೆ, ನನ್ನ ಶಾಣ್ಯಾತನ ನೋಡ್ರಿ! ಕಾಂದಿವಲಿಯ ಬೀಗರು ಮುಂಜಾನಿಂದ ಮೂರು ಸಲ ಫೋನ್ ಮಾಡಿದ್ರು: “ಲಿಂಕ್ ಯಾವಾಗ ಕಳಸ್ತೀರಿ?” ಪೇಜ್ ಮಾತ್ರ ಕೆಂಪಗ ಕುಂತಿತ್ತು: ‘ವಧುವಿನ ತಂದೆ ಯಾರು? ಗೊತ್ತಿಲ್ಲ.’

ಗೊತ್ತಿಲ್ಲಂತ! ಮಗಳು ಮೂರು ವರ್ಷದಾಕಿ ಇದ್ದಾಗ ಲೋಕಲ್ ಟ್ರೇನ್ ಹತ್ತಿ ಹೋದ ಮಹಾನುಭಾವ, ನನ್ನ ಗಂಡ. ಇನ್ನೂ ಯಾವ ಸ್ಟೇಷನ್ನಿನ್ಯಾಗೂ ಇಳದಿಲ್ಲ.

“ಅಣ್ಣಾ, ಇದೊಂದು ಸಲ ಖಾಲಿ ಬಿಡೋ. ಬೀಗರಿಗೆ ಏನ್ ಹೇಳ್ಲಿ?”

“ಖಾಲಿ ನೋಡಿದ್ರ ಮಂದಿ ಕೇಳ್ತಾರ. ಅಂವನ ಹೆಸರ ಹಾಕ್ಲೇನು?”

“ಹಾಕು, ನಾ ಮಂಟಪಕ್ಕ ಬರೂದಿಲ್ಲ!”

ಅಂವ ಚಷ್ಮಾ ಏರಿಸಿ ನನ್ನ ಮಾರಿ ನೋಡಿದ. “ಹಂಗಾರ ಗೊತ್ತಿಲ್ಲ ಅಂತ ಅಲ್ಲ ತಂಗಿ. ಇಲ್ಲ ಅಂತ. ಎರಡೂ ಬ್ಯಾರೆ. ಮೊದಲ ಹೇಳಬಾರದ?”

ಏನೋ ಎರಡು ಸಾಲು ಟೈಪ್ ಹೊಡದು, ಫೋನ್ ನನ್ನ ಕೈಗೆ ಕೊಟ್ಟ. ಪೇಜ್ ತೆರೀತು. ‘ವಧುವಿನ ತಾಯಿ’, ಕೆಳಗ ದೊಡ್ಡ ಅಕ್ಷರದಾಗ ನನ್ನ ಹೆಸರು. ತಂದೆ ಅನ್ನೂ ಸಾಲೇ ಇರಲಿಲ್ಲ.

ಸಾಲಿ, ಕಾಲೇಜು, ರೇಷನ್ ಕಾರ್ಡು, ಎಲ್ಲಾ ಫಾರ್ಮ್‌ನ್ಯಾಗೂ ಆ ಜಾಗದಾಗ ಒಂದು ಗೆರಿ ಎಳದು, ತಲಿ ತಗ್ಗಿಸಿ ಕೊಟ್ಟು ಬಂದಾಕಿ ನಾನು.

ಇದರಾಗ ಗೆರಿ ಎಳಿಯಾಕ ಜಾಗಾನ ಬಿಟ್ಟಿರಲಿಲ್ಲ, ನಮ್ಮ ತಲಿಕೆಟ್ಟ ಅಣ್ಣ.