ಹನ್ನೊಂದು ನಿಮಿಷದ ಬಿಸಿಲು

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಗುರುವಾರ, ಒಬ್ಬ ರಾಜಕುಮಾರಿಗೆ ಬಿಸಿಲಿನ ಶಾಪವಿತ್ತು. ಅಜ್ಜಿ ಹೇಳುವ ಕತೆಗಳಲ್ಲಾದರೆ ಶಾಪ ಕೊಡುವುದಕ್ಕೆ ಗಡ್ಡದ ಋಷಿಯೋ ಉದ್ದ ಮೂಗಿನ ಮಾಟಗಾತಿಯೋ ಬೇಕು. ಇಲ್ಲಿ ಕೊಟ್ಟವರು ಚರ್ಮದ ಡಾಕ್ಟರಮ್ಮ. ಅದೂ ಬಾಯಿಮಾತಿನಲ್ಲಲ್ಲ, ಚೀಟಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು.

ರಾಜಕುಮಾರಿಗೆ ವಯಸ್ಸು ಮೂವತ್ತೆಂಟು. ಅರಮನೆಯೆಂದರೆ ಎರಡು ಕೋಣೆಯ ಬಾಡಿಗೆ ಮನೆ. ರಾಜ್ಯವೆಂದರೆ ಊರಾಚೆಯ ಒಂದು ನರ್ಸರಿ. ಅಲ್ಲಿ ಅವಳು ಬೆಳಗಿನಿಂದ ಸಂಜೆತನಕ ಕಪ್ಪು ಪಾಕೀಟುಗಳಿಗೆ ಮಣ್ಣು ತುಂಬಿ, ಬೀಜ ಊರಿ, ಎಳೆಯ ಸಸಿಗಳ ತಲೆಯ ಮೇಲೆ ಹಸಿರು ಬಲೆ ಕಟ್ಟುತ್ತಿದ್ದಳು. ಹಾಗಾಗಿ ಬೀದಿಗೆಲ್ಲ ಅವಳು ಸಸಿಯಕ್ಕ.

ಸಾವಿರ ಸಸಿಗಳಿಗೆ ನೆರಳು ಕಟ್ಟಿದವಳು ತನ್ನ ಮುಖಕ್ಕೊಂದು ನೆರಳು ಕಟ್ಟಿಕೊಳ್ಳುವುದನ್ನು ಮರೆತಿದ್ದಳು. ಎರಡು ಕೆನ್ನೆಯ ಮೇಲೂ ಬಂಗು ಬಂದು ಕೂತಿತ್ತು; ನಾಲ್ಕು ದಿನಕ್ಕೆಂದು ಬಂದ ನೆಂಟರು ಹಾಸಿಗೆ ಬಿಚ್ಚಿದ ಹಾಗೆ. ಅವಳೇನೂ ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ, ಅಕ್ಕ ಬರುತ್ತಾಳೆಂಬ ಸುದ್ದಿ ಬರುವವರೆಗೆ.

ಅಕ್ಕ ಮದುವೆಯಾಗಿ ಹೋದದ್ದು ಎರಡು ಹಗಲು ಎರಡು ರಾತ್ರಿ ರೈಲಿನಾಚೆಯ ಉಪ್ಪಿನ ಬಯಲಿಗೆ. ಗಂಡ ಹೆಂಡತಿ ಇಬ್ಬರಿಗೂ ಅಲ್ಲೇ ಕೆಲಸ. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಮೇಲೆ ಹತ್ತಿದರೆ ಮಾತ್ರ. ವಿಡಿಯೋ ಹಾಕಿದರೆ ಅಕ್ಕನ ಮುಖ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತಿತ್ತು. ಹೀಗೆ ಒಂಬತ್ತು ವರ್ಷ. ಹೊರಟ ದಿನ ಅಕ್ಕ ರೈಲಿನ ಕಿಟಕಿಯಿಂದ ಕೈಚಾಚಿ ತಂಗಿಯ ಕೆನ್ನೆ ಹಿಡಿದು, “ನಾನು ಬರೋತನಕ ಹೀಗೇ ಇರ್ಬೇಕು ನೋಡು” ಅಂದಿದ್ದಳು. ಎಷ್ಟೋ ಮಧ್ಯಾಹ್ನ ಸಸಿಯಕ್ಕ ನೀರಿನ ಪೈಪು ಹಿಡಿದು ನಿಂತಲ್ಲೇ ಆ ಬೆರಳುಗಳು ಕೆನ್ನೆಗೆ ತಾಕಿದಂತಾಗಿ ಮೈಮರೆಯುತ್ತಿದ್ದಳು. ಅಷ್ಟರಲ್ಲಿ ಒಂದೇ ಗಿಡ ಮೂರು ಗಿಡದ ನೀರು ಕುಡಿದು ತೇಲಾಡುತ್ತಿತ್ತು.

ಈಗಲೂ ಅಕ್ಕ ಮನೆಗೆ ಬರುತ್ತಿರಲಿಲ್ಲ. ಹೊಸ ಯಂತ್ರದ ಕೆಲಸ ಕಲಿಯಲೆಂದು ಕಂಪನಿಯವರು ಅವಳನ್ನು ಬೇರೆ ಊರಿಗೆ ಕಳಿಸುತ್ತಿದ್ದರು. ದಾರಿಯಲ್ಲಿ ಈ ಊರಿನ ಸ್ಟೇಷನ್ನಿನಲ್ಲಿ ರೈಲು ನಿಲ್ಲುವುದು ಹನ್ನೊಂದು ನಿಮಿಷ.

“ನನ್ನ ಮಂಡಿಗೆ ಸ್ಟೇಷನ್ ಮೆಟ್ಟಿಲು ಆಗಲ್ಲ ಕಣೇ,” ಎಂದಿದ್ದಳು ಅಮ್ಮ. “ಒಂಬತ್ತು ವರ್ಷದಿಂದ ಒಬ್ಬಳ ಮುಖ ಕಣ್ಣಲ್ಲಿ, ಇನ್ನೊಬ್ಬಳ ದನಿ ಕಿವೀಲಿ. ಇಬ್ರನ್ನೂ ಒಟ್ಟಿಗೆ ನೋಡ್ಬೇಕು. ಒಂದೇ ಒಂದು ಫೋಟೋ ತಗೊಂಡು ಬಾ. ಮಾತು ಕೊಡು.”

ಸಸಿಯಕ್ಕ ಮಾತು ಕೊಟ್ಟಳು. ಕೊಟ್ಟವಳು ಕನ್ನಡಿ ನೋಡಿದಳು. ಹೀಗೇ ಇರು ಅಂದವಳಿಗೆ ಹೀಗಾದದ್ದನ್ನು ಹೇಗೆ ತೋರಿಸುವುದು? ಅಕ್ಕ ಬರುವುದಕ್ಕೆ ಇನ್ನೂ ಹತ್ತು ದಿನವಿತ್ತು. ಡಾಕ್ಟರಮ್ಮನ ಗೋಡೆಯ ಮೇಲೆ ‘ಏಳೇ ದಿನದಲ್ಲಿ ಹೊಸ ಮುಖ’ ಎಂದು ಬರೆದಿತ್ತು. ಹತ್ತರಲ್ಲಿ ಏಳು ಕಳೆದರೆ ಮೂರು ಉಳಿಯುತ್ತದೆ, ಲೆಕ್ಕ ಸರಿಯಾಗಿದೆ ಎಂದು ಸೋಮವಾರ ಹೋಗಿ ಕೆಮಿಕಲ್ ಪೀಲ್ ಮಾಡಿಸಿಕೊಂಡೇಬಿಟ್ಟಳು.

“ಮೇಲಿನ ಪದರ ಸುಲಿದು ಹೋಗುತ್ತೆ. ಒಳಗಿನ ಚರ್ಮ ಎಳೇ ಕೂಸಿದ್ದ ಹಾಗೆ,” ಎಂದರು ಡಾಕ್ಟರಮ್ಮ. “ಏಳು ದಿನ ಬಿಸಿಲಿಗೆ ಮುಖ ಕೊಡಬೇಡಿ. ಕೈಯಿಂದ ಸಿಪ್ಪೆ ಕೀಳಬೇಡಿ. ಹೊರಗೆ ಹೋಗಲೇಬೇಕಾದ್ರೆ ಸನ್‌ಸ್ಕ್ರೀನ್ ಹಚ್ಚಿ, ಎರಡೆರಡು ಗಂಟೆಗೊಮ್ಮೆ. ಮಾತು ಮೀರಿದ್ರೋ, ಹೋದ ಬಂಗು ಮಕ್ಕಳು ಮರಿ ಕರ್ಕೊಂಡು ವಾಪಸ್ ಬರುತ್ತೆ.”

ಬುಧವಾರ ಸಂಜೆ ಅಕ್ಕನ ಫೋನು ಬಂತು. “ನನ್ನ ಪ್ರಯಾಣ ಒಂದು ವಾರ ಮುಂಚೆಯೇ ಬಂತು ಕಣೇ. ನಾನು ಹೊರಟಾಯ್ತು, ಅರ್ಧ ದಾರೀಲಿದ್ದೀನಿ, ಇದು ಯಾವುದೋ ಸ್ಟೇಷನ್ನು. ನಾಳೆ ಮಧ್ಯಾಹ್ನ ಹನ್ನೆರಡೂ ಇಪ್ಪತ್ತಕ್ಕೆ. ಬರ್ತೀಯ ತಾನೆ?”

“ಬರ್ದೆ ಇರ್ತೀನಾ!” ಎಂದವಳು ಫೋನಿಟ್ಟು ಗೋಡೆಗೊರಗಿ ಕೂತಳು. ಮುಖ ಆಗ ತಾನೇ ಗದ್ದದ ಹತ್ತಿರ ಹಳೇ ಸುಣ್ಣದಂತೆ ಏಳತೊಡಗಿತ್ತು.

ಗುರುವಾರ ಬೆಳಗ್ಗೆ ಹತ್ತಕ್ಕೆಲ್ಲ ಮನೆ ತುಂಬ ಜನ. ಎದುರುಮನೆಯ ಟೈಲರಮ್ಮ ಮೂರು ಬಗೆಯ ಬಟ್ಟೆ ತಂದಿದ್ದಳು. ಮಹಡಿ ಮೇಲಿನ ನಿವೃತ್ತ ಡ್ರಿಲ್ ಮೇಷ್ಟ್ರು ಒಳ್ಳೆಯ ಕ್ಯಾಮೆರಾ ಇರುವ ಫೋನು ತಂದಿದ್ದರು. ಅಮ್ಮನೇ ಅವರನ್ನು ಫೋಟೋ ಹಿಡಿಯಲು ಗೊತ್ತುಮಾಡಿದ್ದಳು. ಅವರೋ ಸೀಟಿಯನ್ನೂ ಕೊರಳಿಗೆ ಹಾಕಿಕೊಂಡು ಬಂದಿದ್ದರು.

“ಸೀಟಿ ಯಾಕೆ ಮೇಷ್ಟ್ರೇ?”

“ಜನಸಂದಣಿ ಅಂದ್ರೆ ಶಿಸ್ತು ಬೇಕಮ್ಮ.”

ಟೈಲರಮ್ಮ ಕರೀ ಲೈನಿಂಗ್ ಬಟ್ಟೆಯಲ್ಲಿ ಕಣ್ಣಿಗೆರಡು ತೂತು ಬಿಟ್ಟು ಒಂದು ಮುಸುಕು ಹೊಲಿದಳು. ಅಳತೆ ತಪ್ಪಿ ಒಂದು ತೂತು ಹುಬ್ಬಿನ ಮೇಲೆ ಬಂತು. “ಒಂದು ಕಣ್ಣು ಸಾಕು ಬಿಡು, ಅಕ್ಕನ್ನ ನೋಡೋಕೆ,” ಎಂದು ಸಮಾಧಾನ ಹೇಳಿದಳು. ಮುಸುಕಿನ ಮೇಲೆ ತಂಪು ಕನ್ನಡಕ, ಕನ್ನಡಕದ ಮೇಲೆ ಅಗಲ ಟೋಪಿ, ಕೈಗೆ ಗವಸು, ಗವಸಿನ ಕೈಗೊಂದು ಕೊಡೆ. ಸಾಲದ್ದಕ್ಕೆ ಸಸಿಯಕ್ಕ ನರ್ಸರಿಯಿಂದ ತಂದಿದ್ದ ಹಸಿರು ಬಲೆಯನ್ನು ಟೋಪಿಯಿಂದ ಸೊಂಟದವರೆಗೆ ಇಳಿಬಿಟ್ಟಳು. ಅರ್ಧ ಬಿಸಿಲು ಬಲೆಗೆ, ಉಳಿದರ್ಧ ಬಟ್ಟೆಗೆ, ಮಿಕ್ಕದ್ದು ಸನ್‌ಸ್ಕ್ರೀನಿಗೆ.

ಅಮ್ಮ ಕಣ್ಣು ಕಿರಿದುಮಾಡಿ ನೋಡಿದಳು. “ಇದರೊಳಗೆ ನನ್ನ ಮಗಳು ಇದ್ದಾಳೇನ್ರೇ?”

“ಇದ್ದೀನಮ್ಮ,” ಎಂದಿತು ಬಲೆ.

ಬಸ್ಸಿನಲ್ಲಿ ಮೇಷ್ಟ್ರು ದಿಕ್ಕು ಲೆಕ್ಕ ಹಾಕಿ ನೆರಳಿನ ಕಡೆ ಸೀಟು ಹಿಡಿದರು. ಬಸ್ಸು ತಿರುಗಿತು. ನೆರಳು ಆ ಕಡೆಗೆ ಹೋಯಿತು. ಇಬ್ಬರೂ ಎದ್ದು ಆ ಕಡೆಗೆ ಹೋದರು. ಬಸ್ಸು ಮತ್ತೆ ತಿರುಗಿತು. ಐದನೇ ಸಲ ಎದ್ದಾಗ, ಬುಟ್ಟಿ ಹಿಡಿದು ಕೂತಿದ್ದ ಹೆಂಗಸು ತಡೆಯಲಾರದೆ ಕೇಳಿಯೇಬಿಟ್ಟಳು: “ಜೇನು ಕೀಳೋಕೆ ಹೊರಟ್ರಾ?”

“ಅಕ್ಕನ್ನ ನೋಡೋಕೆ,” ಎಂದಳು ಸಸಿಯಕ್ಕ.

“ಅಷ್ಟೊಂದು ಕಚ್ತಾಳಾ?”

ನಗು ಬಂತು. ನಕ್ಕರೆ ಕೆನ್ನೆ ಬಿರಿಯುತ್ತದೆ. ಸಸಿಯಕ್ಕ ತುಟಿ ಒಳಗೆಳೆದುಕೊಂಡು, ಸಿಗಲಿರುವ ಅಕ್ಕನಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸತೊಡಗಿದಳು. ಒಂಬತ್ತು ವರ್ಷವನ್ನು ಹನ್ನೊಂದು ನಿಮಿಷಕ್ಕೆ ಮಡಿಚುವುದು ಹೇಗೆ? ಚಿಕ್ಕ ಟ್ರಂಕಿಗೆ ದೊಡ್ಡ ಹಾಸಿಗೆ ತುರುಕಿದಂತೆ, ಒಂದು ಮೂಲೆ ಒತ್ತಿದರೆ ಇನ್ನೊಂದು ಎದ್ದು ನಿಲ್ಲುತ್ತಿತ್ತು.

ಸ್ಟೇಷನ್ನಿನ ಬಾಗಿಲಲ್ಲಿ ಪೊಲೀಸಮ್ಮ ಲಾಠಿ ಅಡ್ಡ ಹಿಡಿದಳು. “ಮುಖ ತೆಗೀರಿ.”

“ಇಲ್ಲಿ ಬಿಸಿಲಿದೆ ಮೇಡಂ. ಆ ಕಂಬದ ನೆರಳಿಗೆ ಬಂದ್ರೆ...”

“ಏನು, ಕಂಬದ ಹಿಂದೆ ಹೋಗಿ ಗುಟ್ಟಾಗಿ ತೋರಿಸ್ತೀರಾ? ಆಯ್ತು ನಡೀರಿ.”

ಕಂಬದ ಹಿಂದೆ ಮುಸುಕು ಮೇಲೆದ್ದಿತು. ಪೊಲೀಸಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. “ಅಯ್ಯೋ! ಬೆಂಕಿ ತಾಗಿತಾ?”

“ಇಲ್ಲ ಮೇಡಂ. ಚೆನ್ನಾಗಿ ಕಾಣ್ಲಿ ಅಂತ ನಾನೇ ಮಾಡಿಸ್ಕೊಂಡಿದ್ದು.”

ಪೊಲೀಸಮ್ಮ ಲಾಠಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಆಮೇಲೆ ದನಿ ತಗ್ಗಿಸಿ, “ಯಾವ ಡಾಕ್ಟರು? ಹೇಳಿ, ಅಲ್ಲಿಗೆ ಹೋಗ್ದೆ ಇರ್ತೀನಿ,” ಎಂದು ಒಳಗೆ ಬಿಟ್ಟಳು.

ಅಷ್ಟರಲ್ಲಿ ರೈಲು ಕೂಗುತ್ತ ಬಂತು. ಅದರ ಗಾಳಿಗೆ ಸಸಿಯಕ್ಕನ ಕೊಡೆ ತಿರುವುಮುರುವಾಗಿ ಹೂವಿನಂತೆ ಅರಳಿತು. ಬೋಗಿಗಳು ಹಿಂದುಮುಂದಾಗಿ ಬಂದಿದ್ದವು. ಅಕ್ಕನ ಬೋಗಿ ನಿಂತದ್ದು ಚಾವಣಿ ಮುಗಿದು, ಬಟಾಬಯಲು ಶುರುವಾದಲ್ಲಿ. ನೆತ್ತಿಯ ಮೇಲೆ ಸೂರ್ಯ ಕಾಲು ಚಾಚಿ ಕೂತಿದ್ದ.

“ಹನ್ನೊಂದು!” ಎಂದು ಮೇಷ್ಟ್ರು ಸೀಟಿ ಊದಿದರು.

ಸಸಿಯಕ್ಕ ಓಡಿದಳು. ಒಂದು ಕಣ್ಣಿನ ತೂತಿನಲ್ಲಿ ಮುಖಗಳನ್ನು ಹುಡುಕಿದಳು. ಇಳಿಯುವವರ ಮುಖ, ಹತ್ತುವವರ ಮುಖ, ಕಿಟಕಿಯಲ್ಲಿ ಅಂಟಿದ ಮುಖ. ಒಂದರಲ್ಲೂ ಅಕ್ಕನಿಲ್ಲ. ಫೋನು ಮಾಡೋಣವೆಂದರೆ ಗವಸಿನ ಬೆರಳಿಗೆ ಅದು ಮಿಸುಕಲೊಲ್ಲದು. ಗವಸು ಕಿತ್ತರೆ ಸನ್‌ಸ್ಕ್ರೀನ್ ಮೆತ್ತಿದ ಬೆರಳು ಜಾರಿ ಜಾರಿ ಕರೆ ಯಾರಿಗೋ ಹೋಯಿತು. “ಅಕ್ಕಾ!” ಎಂದಳು. “ಎಷ್ಟು ಲೋಡು ಗೊಬ್ಬರ ಬೇಕಕ್ಕಾ?” ಎಂದಿತು ಫೋನು.

“ಏಳು!” ಸೀಟಿ.

ಬೋಗಿಯ ಈ ಬಾಗಿಲಿಂದ ಆ ಬಾಗಿಲಿಗೆ, ಆ ಬಾಗಿಲಿಂದ ಈ ಬಾಗಿಲಿಗೆ ಸುತ್ತಿದಳು. ದಾರಿಗೆ ಅಡ್ಡಡ್ಡ ಯಾವಳೋ ಒಬ್ಬಳು ಬೇರೆ. ತಲೆಯಿಂದ ಮೊಳಕಾಲವರೆಗೆ ಬಿಳೀ ಬಟ್ಟೆ ಸುತ್ತಿ, ಬೆಸುಗೆಯವರ ಕಪ್ಪು ಕನ್ನಡಕ ಹಾಕಿ, ನಿಂತಲ್ಲಿ ನಿಲ್ಲದೆ ಅತ್ತಿಂದಿತ್ತ ತಿರುಗುತ್ತಿದ್ದಳು. ಮೂರು ಸಲ ಎದುರಾದಳು. ಮೂರು ಸಲವೂ ಸಸಿಯಕ್ಕನೇ ಪಕ್ಕಕ್ಕೆ ಸರಿದಳು. ಅಕ್ಕ ಬಂದಿಲ್ಲವೇನೋ. ರೈಲು ತಪ್ಪಿತೇನೋ. ಇಲ್ಲಾ, ಇಳಿದು ನೋಡಿ, ತಂಗಿ ಕಾಣದೆ, ಒಳಗೆ ಹೋಗಿ ಕೂತು ಅಳುತ್ತಿದ್ದಾಳೇನೋ. ಹಾಗೆ ನೆನೆದದ್ದೇ ಕನ್ನಡಕದೊಳಗೆ ಮಂಜು ಕವಿಯಿತು.

“ನಾಲ್ಕು!”

ಮಂಜಿನಲ್ಲೇ ಓಡಿದವಳು ಡಿಕ್ಕಿ ಹೊಡೆದದ್ದು ಆ ಬಿಳೀ ಗಂಟಿಗೇ. ಕೊಡೆಯ ಕಡ್ಡಿ ಬಟ್ಟೆಗೆ ಸಿಕ್ಕಿಕೊಂಡಿತು.

“ಕಣ್ಣು ಕಾಣಲ್ವೇನ್ರೀ?” ಎಂದಿತು ಬಿಳೀ ಗಂಟು.

“ನಿಮಗೆ ಕಾಣುತ್ತಾ? ಆಗಿನಿಂದ ನೋಡ್ತಿದ್ದೀನಿ, ದಾರಿಗಡ್ಡ ಗಾಣದೆತ್ತಿನ ಹಾಗೆ ತಿರುಗ್ತಿದ್ದೀರಿ!”

“ನಾನು ಎತ್ತಾದ್ರೆ ನೀವೇನು? ಬಲೆ ಹರ್ಕೊಂಡು ಬಂದ ಮೀನಾ?”

“ಪ್ಲಾಟ್‌ಫಾರಂ ಪೂರ್ತಿ ನಿಮ್ಮದೇನಾ? ಸ್ವಲ್ಪ ಆ ಕಡೆ ಸರೀರಿ!”

“ಓಹೋ, ಇಡೀ ಜಾಗ ತನಗೇ ಬೇಕಂತೆ, ಬಂದ್ಳಪ್ಪ ಚಾಪೆ ಮಹಾರಾಣಿ!”

ಸಸಿಯಕ್ಕ ಸಿಕ್ಕಿಕೊಂಡ ಕೊಡೆಯನ್ನು ಅಲ್ಲೇ ಬಿಟ್ಟಳು. ಚಿಕ್ಕಂದಿನಲ್ಲಿ ಇಬ್ಬರಿಗೂ ಇದ್ದದ್ದು ಒಂದೇ ಚಾಪೆ. ರಾತ್ರಿ ಹೊರಳಿ ಹೊರಳಿ ಮುಕ್ಕಾಲು ಚಾಪೆ ಗೆಲ್ಲುತ್ತಿದ್ದ ತಂಗಿಗೆ ಆ ಬಿರುದು ಕೊಟ್ಟವಳು ಈ ಭೂಮಿಯ ಮೇಲೆ ಒಬ್ಬಳೇ.

“...ಅಕ್ಕಾ?”

ಕಪ್ಪು ಕನ್ನಡಕ ಮೆಲ್ಲಗೆ ಹತ್ತಿರ ಬಂತು. “ನೀನಾ? ಇದೇನೇ ಇದು ವೇಷ?”

“ಮುಖಕ್ಕೆ... ಬಂಗು ಬಂದಿತ್ತು ಕಣೇ. ನೀನು ಹೀಗೇ ಇರು ಅಂದಿದ್ದೆ. ಅದಕ್ಕೆ ಸುಲಿಸ್ಕೊಂಡೆ. ಸೋಮವಾರ. ನೀನು ಮುಂದಿನ ವಾರ ಬರ್ತೀಯ ಅಂತ...”

ಬಿಳೀ ಗಂಟಿನೊಳಗಿಂದ ಬಿಕ್ಕಿದಂತೆ ಒಂದು ಸದ್ದು. “ನಾನು ಭಾನುವಾರ,” ಎಂದಳು ಅಕ್ಕ. “ಉಪ್ಪಿನ ಬಿಸಿಲು ಕಣೇ, ನೆಲದಿಂದಲೂ ಹೊಡೆಯುತ್ತೆ. ನಿನ್ನ ಮುಂದೆ ಮುದುಕಿ ಹಾಗೆ ನಿಲ್ಲಬಾರ್ದು ಅಂತ ಮಾಡಿಸ್ಕೊಂಡೆ.”

“ಎರಡೂವರೆ!” ಎಂದು ಮೇಷ್ಟ್ರು ಏದುಸಿರು ಬಿಡುತ್ತ ಬಂದರು. ವಿಷಯ ತಿಳಿದು ಹಣೆ ಬಡಿದುಕೊಂಡರು. “ಅಮ್ಮನಿಗೆ ಕೊಟ್ಟ ಮಾತು ಏನು? ಇಬ್ಬರ ಮುಖ! ಇದನ್ನ ಹಿಡ್ಕೊಂಡು ಹೋದ್ರೆ ಯಾವ ಗಂಟಲ್ಲಿ ಯಾವ ಮಗಳಿದ್ದಾಳೆ ಅಂತ ನಾನು ಚೀಟಿ ಅಂಟಿಸ್ಬೇಕು.”

“ಚಾವಣಿ ಕೆಳಗೆ ಹೋಗೋಣ ಮೇಷ್ಟ್ರೇ.”

“ಅಲ್ಲಿಗೆ ಹೋಗಿ ಬರೋದ್ರೊಳಗೆ ರೈಲು ಹೊರಟಿರುತ್ತೆ.”

ಅಕ್ಕ ತಂಗಿ ನೆತ್ತಿಯ ಕಡೆ ನೋಡಿದರು. ಮೋಡವೆಂಬುದರ ಸುಳಿವಿಲ್ಲ.

“ನಿನ್ನ ಡಾಕ್ಟರು ಏನಂದ್ರು?” ಎಂದಳು ಅಕ್ಕ.

“ಬಿಸಿಲು ತಾಗಿದ್ರೆ ಬಂಗು ಮಕ್ಕಳು ಮರಿ ಸಮೇತ ಬರುತ್ತಂತೆ.”

“ನನ್ನೋರು ಮೊಮ್ಮಕ್ಕಳನ್ನೂ ಸೇರಿಸಿದ್ರು. ಸರಿ, ನೀನು ಮೊದಲು ತೆಗಿ.”

“ದೊಡ್ಡೋಳು ನೀನು, ನೀನು ತೆಗಿ.”

“ಒಟ್ಟಿಗೆ. ಮೂರು ಎಣಿಸ್ತೀನಿ. ಒಂದು, ಎರಡು, ಮೂರು!”

ಇಬ್ಬರೂ ತೆಗೆಯಲಿಲ್ಲ.

“ಮೋಸ!” ಎಂದು ತಂಗಿ ಅಕ್ಕನ ಬಟ್ಟೆಗೆ ಕೈಹಾಕಿದಳು. “ನಿಂದೇ ಮೋಸ!” ಎಂದು ಅಕ್ಕ ತಂಗಿಯ ಬಲೆ ಎಳೆದಳು. ಟೋಪಿ ಒಂದು ಕಡೆ, ಕನ್ನಡಕ ಒಂದು ಕಡೆ, ಕರಿದು ಬಿಳಿದು ಎಲ್ಲ ಕಾಲಬಳಿ ಬಿತ್ತು.

ಅಕ್ಕನ ಮೂಗು ಬೇಯಿಸಿದ ಆಲೂಗಡ್ಡೆಯಂತೆ ಸುಲಿದಿತ್ತು. ಕೆನ್ನೆಯಲ್ಲಿ ಸಿಪ್ಪೆ ಪಟಪಟ ಹಾರುತ್ತಿತ್ತು. ಸಿಪ್ಪೆಯ ಆಚೆ, ಕಿವಿಯ ಪಕ್ಕದ ಬಿಳಿಕೂದಲಲ್ಲಿ, ಕಣ್ಣಂಚಿನ ಗೆರೆಗಳಲ್ಲಿ ಒಂಬತ್ತು ವರ್ಷ ಹಾಯಾಗಿ ಕೂತಿತ್ತು. ಯಾವ ಮದ್ದು ಹಚ್ಚಿದರೂ ಏಳುವಂಥದ್ದಲ್ಲ ಅದು. ತಾನು ನೋಡದೆಯೇ ಮೂಡಿದ್ದ ಆ ಒಂದೊಂದು ಗೆರೆಯನ್ನೂ ಸಸಿಯಕ್ಕ ಆಸೆಬುರುಕಿಯಂತೆ ನೋಡಿದಳು.

“ಏನೇ ಹಾಗೆ ನೋಡ್ತೀಯ?”

“ಚೆನ್ನಾಗಿದ್ದೀಯ.”

“ಥೂ, ಸುಳ್ಳಿ,” ಎಂದಳು ಅಕ್ಕ. ಅಷ್ಟಕ್ಕೆ ಇಬ್ಬರಿಗೂ ನಗು ಒಡೆಯಿತು. ನಕ್ಕರೆ ಕೆನ್ನೆ ಉರಿಯುತ್ತಿತ್ತು, ಉರಿದರೆ ಕಣ್ಣೀರು, ಕಣ್ಣೀರು ಹರಿದರೆ ಇನ್ನೂ ಉರಿ. “ನಗಿಸಬೇಡ್ವೇ!” “ನೀನು ಅಳಿಸಬೇಡ್ವೇ!”

“ಸೂರ್ಯನಿಗೆ ಬೆನ್ನು ಹಾಕ್ಬೇಡಿ, ಮುಖ ಕಪ್ಪು ಬರುತ್ತೆ!” ಎಂದು ಮೇಷ್ಟ್ರು ಗುಡುಗಿದರು. “ಹಿಂದೆ ತಿರ್ಗ್! ಗದ್ದ ಮೇಲೆ! ನೇರ ಬಿಸಿಲಿಗೆ!”

ಇಬ್ಬರೂ ಸೂರ್ಯಕಾಂತಿಗಳಂತೆ ಮುಖವೆತ್ತಿ ನಿಂತರು. ಮೊದಲ ಸಲ ಇಬ್ಬರೂ ಕಣ್ಣು ಮುಚ್ಚಿದ್ದರು. ಎರಡನೇ ಸಲ ಚಹಾದವನ ಕೆಟಲು ಅಡ್ಡ ಬಂತು. ಮೂರನೇ ಸಲ ಮೇಷ್ಟ್ರು ಅಭ್ಯಾಸಬಲದಿಂದ ಫೋನು ಒತ್ತುವ ಬದಲು ಸೀಟಿ ಊದಿದರು. ಗಾರ್ಡು ಅದನ್ನು ಕೇಳಿ ತನ್ನ ಸೀಟಿಯನ್ನೂ ಊದಿದ. ರೈಲು ಮೆಲ್ಲಗೆ ಅಲುಗಿತು.

“ಅಕ್ಕಾ, ಹೊರಟಿತು!”

“ಹೊರಡ್ಲಿ, ಇನ್ನೂ ತೆವಳ್ತಿದೆ,” ಎಂದ ಅಕ್ಕ ಒಂದು ಕೈಯಲ್ಲಿ ಬಾಗಿಲಿನ ಸರಳು ಹಿಡಿದು, ಇನ್ನೊಂದು ಕೈಯಿಂದ ತಂಗಿಯ ಕುತ್ತಿಗೆ ಬಳಸಿ, ರೈಲಿನ ಜೊತೆಗೇ ಅಡ್ಡಡ್ಡ ಹೆಜ್ಜೆ ಹಾಕತೊಡಗಿದಳು. ಮೇಷ್ಟ್ರು ಹಿಮ್ಮುಖವಾಗಿ ಓಡುತ್ತ ಫೋನು ಮೇಲೆತ್ತಿದರು. ಎರಡು ಸುಲಿದ ಮುಖಗಳು ಒಂದಕ್ಕೊಂದು ಒತ್ತಿಕೊಂಡು, ಉರಿಯುವ ಕೆನ್ನೆಗೆ ಉರಿಯುವ ಕೆನ್ನೆ ಕೊಟ್ಟು, ನಡುಮಧ್ಯಾಹ್ನದ ಸೂರ್ಯನನ್ನು ಕಣ್ಣು ಬಿಟ್ಟು ನೋಡಿದವು.

ಕ್ಲಿಕ್ ಎಂದಿತು.