ಎರಡು ಬೆರಳು ಗಿಡ್ಡವಾದ ಫೋರ್ಕು

ಕೆಲಸ ಮಾಡುವವನ ಕೈಯಲ್ಲಿ ಎಡವಟ್ಟಾಗುವುದು ಸಹಜ. ನನ್ನ ಹಣೆಬರಹ ಹೇಗಿದೆಯೆಂದರೆ, ಕೆಲಸವೇ ಇಲ್ಲದ ಕಾಲದಲ್ಲೂ ಎಡವಟ್ಟಿಗೆ ಮಾತ್ರ ಕೊರತೆಯಾಗಲಿಲ್ಲ. ಊರು ಯಾದಗಿರಿ ಕಡೆ. ಹೈದರಾಬಾದಿನ ಉಪ್ಪಲ್‌ನಲ್ಲಿ ಮೂವತ್ತು ವರ್ಷದಿಂದ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಅಂಗಡಿಯ ಹಿಂದೆಯೇ ಮನೆ. ಕೇಳಿದವರು ನಗುತ್ತಾರೆ, ನಗಲಿ. ಇವೆಲ್ಲ ನಡೆಯುವಾಗ ನನಗೆ ಒಂದಕ್ಕೂ ನಗು ಬಂದಿರಲಿಲ್ಲ.

೧. ಬಡ್ತಿ

ಸಾಫ್ಟ್‌ವೇರ್ ಕಂಪನಿಗಳು ಬಂದವು, ಜನ ಬೈಕು ಕಾರು ಹತ್ತಿದರು. ಕಾರ್ಖಾನೆಯ ಪಾಳಿ ಬಿಟ್ಟಾಗ ನನ್ನ ಅಂಗಡಿ ಮುಂದೆ ಸಾಲು ನಿಲ್ಲುತ್ತಿದ್ದ ಸೈಕಲ್ಲುಗಳು ಒಂದೊಂದಾಗಿ ಕಾಣೆಯಾದವು. ಒಂದು ದಿನವಂತೂ ಬೆಳಗಿನಿಂದ ಸಂಜೆಯವರೆಗೆ ಬಂದವರು ನಾಲ್ಕೇ ಜನ. ಮೂವರು ಯಾವುದೋ ಕಂಪನಿಗೆ ದಾರಿ ಕೇಳಿದರು. ನಾಲ್ಕನೆಯವನು ಫುಟ್‌ಬಾಲಿಗೆ ಗಾಳಿ ಹಾಕಿಸಿಕೊಂಡು ಹೋದ.

ನನ್ನ ಹೆಂಡತಿಯ ತಮ್ಮ ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದಾನೆ. ಆ ಸಂಜೆ ಬಂದು ಪಕ್ಕದಲ್ಲಿ ಕೂತ.

"ಮಾಮಾ, ನಮ್ಮಲ್ಲಿ ಟ್ರಾಲಿ ತಳ್ಳಾಕ ಮಂದಿ ಬೇಕಾಗ್ಯಾರ. ಈ ತಿಂಗಳ ಕಡಿಗೆ ಅರ್ಜಿ ಕೊಡಬೇಕು."

"ನಾನು ಮಿಸ್ತ್ರಿ ಅದೀನಪ್ಪ. ಚಕ್ರದ ಕೆಲಸ ಬಿಟ್ಟು ಬ್ಯಾರೇದು ನನಗ ಬರಂಗಿಲ್ಲ."

"ಟ್ರಾಲಿಗೂ ಚಕ್ರ ಅದಾವ ಮಾಮಾ. ಇಲ್ಲಿ ಎರಡು, ಅಲ್ಲಿ ನಾಕು. ಬಡ್ತಿ ಅಂತ ತಿಳ್ಕೋರಿ."

೨. ಪಕ್ಕದ ದಾರಿ

ಅದೇ ವಾರ ಒಬ್ಬ ಸಾಫ್ಟ್‌ವೇರ್ ಸಾಹೇಬರು ದಪ್ಪ ಟಯರಿನ ಗುಡ್ಡದ ಸೈಕಲ್ ತಳ್ಳಿಕೊಂಡು ಬಂದರು. ನಾನು ನನ್ನ ಹಳೇ ಪಂಪನ್ನು ಕನ್ನಡದಲ್ಲಿ ಬೈಯುತ್ತಿದ್ದೆ. ಅದನ್ನು ಕೇಳಿ ಅವರು ತೆಲುಗು ಬಿಟ್ಟು ಕನ್ನಡಕ್ಕೆ ಬಂದರು. ಧಾರವಾಡದವರಂತೆ. ಚೀಲದಿಂದ ಒಂದು ಟವೆಲಿನ ಗಂಟು ತೆಗೆದು, ಬಾಣಂತಿ ಕೂಸನ್ನು ತೋರಿಸುವಷ್ಟು ಜೋಪಾನವಾಗಿ ಬಿಚ್ಚಿದರು. ಒಳಗಿದ್ದದ್ದು ಫೋರ್ಕು.

ಫೋರ್ಕು ಎಂದರೆ ಮುಂದಿನ ಚಕ್ರವನ್ನು ಹಿಡಿಯುವ ಎರಡು ಕಾಲು, ಅವುಗಳ ಮೇಲೊಂದು ಕೊಳವೆ. ಕೊಳವೆ ಸೈಕಲ್ಲಿನ ಕುತ್ತಿಗೆಯೊಳಗಿಂದ ಹೊರಗೆ ಬಂದು ಹ್ಯಾಂಡಲ್ಲನ್ನು ಹಿಡಿಯುತ್ತದೆ. ಇವರ ಫೋರ್ಕಿನ ಕಾಲುಗಳಲ್ಲಿ ಸ್ಪ್ರಿಂಗು. ಗುಂಡಿ ಬಂದರೆ ಕಾಲು ಕುಗ್ಗಿ ಮತ್ತೆ ಏಳುತ್ತದೆ. ಸೈಕಲ್ಲಿಗೆ ಆಗಲೇ ಅಂಥದೊಂದು ಇತ್ತು. ಹೊಸದು ಇನ್ನೂ ಹೆಚ್ಚು ಕುಗ್ಗುವುದರಿಂದ ಅದರ ಕಾಲು ಹಳೆಯದಕ್ಕಿಂತ ಎರಡು ಬೆರಳು ಉದ್ದ.

"ಇಷ್ಟು ಕುಣಿಯೋದು ಯಾಕ ಬೇಕ್ರಿ?" ಎಂದೆ.

"ದೊಡ್ಡ ದೊಡ್ಡ ಬಂಡೆಗಲ್ಲಿನ ಮ್ಯಾಲಿಂದ ಇಳೀಬೇಕ್ರಿ ಕಾಕಾ."

"ಪಕ್ಕದಾಗ ದಾರಿ ಇಲ್ಲೇನ್ರಿ?"

"ಐತ್ರಿ," ಎಂದರು ಬೇಸರದಿಂದ. "ಆದ್ರ ಆ ದಾರಿ ಭಾಳ ಛಲೋ ಐತಿ."

೩. ಲೆಕ್ಕ

ಸಾಹೇಬರ ಜೊತೆ ಅವರ ಹೆಂಡತಿಯೂ ಬಂದಿದ್ದರು. ಅವರದೂ ಗುಡ್ಡದ ಸೈಕಲ್ಲೇ, ಅಳತೆಯಲ್ಲಿ ಮಾತ್ರ ಚಿಕ್ಕದು. ಗಂಡನ ಹೊಸ ಫೋರ್ಕನ್ನು ಒಮ್ಮೆ, ತಮ್ಮ ಹಳೇ ಫೋರ್ಕನ್ನು ಒಮ್ಮೆ ನೋಡುತ್ತಿದ್ದರು.

"ನಮ್ಮ ಐತವಾರದ ಗುಂಪಿನಾಗ ಇಪ್ಪತ್ತು ಮಂದಿ ಅದಾರ್ರಿ," ಎಂದರು ಸಾಹೇಬರು. "ನಂದು ಛಲೋ ಆತಂದ್ರ ಎಲ್ಲಾರೂ ನಿಮ್ಮ ಕಡೇನ ಬರ್ತಾರ."

ಇಪ್ಪತ್ತು ಸೈಕಲ್ ಬಂದರೆ ಅಂಗಡಿ ಉಳಿಯುತ್ತದೆ. ಬಾರದಿದ್ದರೆ ಟ್ರಾಲಿ.

"ಇಂಥಾವು ಮೊದಲ ಹಾಕೀರಲ್ರಿ ಕಾಕಾ?"

ಜೀವಮಾನದಲ್ಲಿ ಒಂದನ್ನೂ ಮುಟ್ಟಿದವನಲ್ಲ. "ಎಷ್ಟು ಹಾಕೀನಿ ಅಂತ ಲೆಕ್ಕ ಇಟ್ಟಿಲ್ರಿ," ಎಂದುಬಿಟ್ಟೆ.

ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಕೈ ನಿಲ್ಲಿಸಿ, "ಲೆಕ್ಕ ಇಡಾಕ ಏನಿತ್ತು," ಎಂದಳು.

೪. ಗೋಣಿಚೀಲದ ಮೇಲೆ

ಹೊಸ ಫೋರ್ಕಿನ ಕೊಳವೆ ಉದ್ದವಾಗಿಯೇ ಬರುತ್ತದೆ. ಸೈಕಲ್ಲಿನ ಕುತ್ತಿಗೆಗೆ ತಕ್ಕಂತೆ ಕೊಯ್ಯಬೇಕು. ಇದರಲ್ಲೇನಿದೆ ಎಂದುಕೊಂಡೆ. ನೆಲಕ್ಕೆ ಗೋಣಿಚೀಲ ಹಾಸಿ, ಹಳೇ ಫೋರ್ಕು ಹೊಸ ಫೋರ್ಕು ಎರಡನ್ನೂ ಜೋಡಿಸಿ ಮಲಗಿಸಿದೆ. ಮೂವತ್ತು ವರ್ಷದ ಅಭ್ಯಾಸದಂತೆ ಎರಡರ ಪಾದವನ್ನೂ ಗೋಡೆಗೆ ತಾಗಿಸಿ ಸಮ ಮಾಡಿದೆ. ಹಳೆಯದರ ತುದಿ ಎಲ್ಲಿ ಮುಗಿದಿತ್ತೋ ಅಲ್ಲಿ ಹೊಸದಕ್ಕೆ ಸೀಮೆಸುಣ್ಣದ ಗೆರೆ ಎಳೆದೆ. ಗರಗಸ ಹಿಡಿದು ಬೆಣ್ಣೆ ಕೊಯ್ದಷ್ಟು ಚೊಕ್ಕವಾಗಿ ಕೊಯ್ದೆ.

ಸೈಕಲ್ಲಿಗೆ ಹಾಕಿ ನೋಡಿದರೆ ಕೊಳವೆ ಮೇಲೆ ಬರಲೇ ಇಲ್ಲ. ಹ್ಯಾಂಡಲ್ಲಿಗೆ ಹಿಡಿತವೇ ಇಲ್ಲ.

ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಸಾದಾ ಸೈಕಲ್ಲುಗಳಲ್ಲಿ ಎಲ್ಲ ಫೋರ್ಕಿನ ಕಾಲೂ ಒಂದೇ ಉದ್ದ, ಪಾದದಿಂದ ಅಳೆದರೂ ಒಂದೇ, ಕಾಲೂ ಕೊಳವೆಯೂ ಕೂಡುವ ಭುಜದಿಂದ ಅಳೆದರೂ ಒಂದೇ. ಇದರ ಕಾಲು ಎರಡು ಬೆರಳು ಉದ್ದವಿತ್ತು. ಆ ಎರಡು ಬೆರಳನ್ನು ನಾನು ಅಚ್ಚುಕಟ್ಟಾಗಿ ತಲೆಯ ಕಡೆಯಿಂದ ಕೊಯ್ದು ಹಾಕಿದ್ದೆ. ಸಾಹೇಬರು ಯಾವ ಎರಡು ಬೆರಳಿಗೋಸ್ಕರ ಅದನ್ನು ತರಿಸಿದ್ದರೋ, ಸರಿಯಾಗಿ ಅಷ್ಟೂ ಆ ತುಂಡಿನ ಜೊತೆ ನನ್ನ ಕಾಲ ಬಳಿ ಬಿದ್ದಿತ್ತು. ಕಣ್ಣಲ್ಲಿ ನೀರೇ ಬಂತು.

ಹೆಂಡತಿ ಬಂದು ನೋಡಿದಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ.

"ಟ್ರಾಲಿಗೆ ಇಂಥಾದ್ದು ಇರಂಗಿಲ್ಲಲ್ಲ?" ಎಂದು ಕೇಳಿದಳು.

"ಇರಂಗಿಲ್ಲ."

"ಹಂಗಾರ ಅರ್ಜಿ ಕೊಡ್ರಿ."

೫. ಸರಿಯಾದ ಅಳತೆ

ಮರುದಿನ ಗಂಡ ಹೆಂಡತಿ ಬಂದರು. ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. ಇದೇ ನನ್ನ ಮೊದಲನೇದು ಎಂಬುದನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ಸಾಹೇಬರು ಸ್ಟೂಲಿನ ಮೇಲೆ ಕೂತು ಫೋರ್ಕನ್ನು ತೊಡೆಯ ಮೇಲಿಟ್ಟುಕೊಂಡರು. "ನನ್ನ ಗೆಳೆಯ ಅಮೆರಿಕಾದಿಂದ ಹೊತ್ಕೊಂಡು ಬಂದಿದ್ದ," ಎಂದರು. ಸತ್ತವರ ಮನೆಯಲ್ಲಿ ಕೂತಂತೆ ಮೂವರೂ ಕೂತೆವು.

ಆಗ ಸಾಹೇಬರ ಹೆಂಡತಿ ತಮ್ಮ ಸೈಕಲ್ ಮುಂದೆ ತಳ್ಳಿದರು. "ಇದರ ಕುತ್ತಿಗಿ ಗಿಡ್ಡ ಐತ್ರಿ. ಒಮ್ಮಿ ನೋಡ್ರಿ."

ಈ ಸಲ ಭುಜದಿಂದ ಅಳೆದೆ. ಹಾಕಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು.

ಸಾಹೇಬರು ಅದನ್ನೇ ನೋಡುತ್ತ, "ಹಂಗಾರ ನನಗ?" ಎಂದರು.

"ನಿಮಗ ಹಳೇದು ಐತಲ್ರಿ," ಎಂದರು ಹೆಂಡತಿ. "ಸರಿಯಾದ ಅಳತಿದು."

೬. ನನ್ನ ಹೆಸರು

ಆ ಭಾನುವಾರ ಸಾಹೇಬರ ಹೆಂಡತಿ ಎಲ್ಲರಿಗಿಂತ ಮೊದಲು ಬಂಡೆ ಇಳಿದು, ಕೆಳಗೆ ನೆರಳಲ್ಲಿ ಗಂಡನಿಗಾಗಿ ಕಾದರಂತೆ. ಫೋರ್ಕು ಗಿಡ್ಡವಾದ ಸುದ್ದಿ ಕೇಳಿದ ಗುಂಪಿನ ಗಂಡಸರು ನನ್ನ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಹಾಕುತ್ತಾರೆಂದು ನಾನೂ ಕಾಯಲಿಲ್ಲ. ತಿಂಗಳ ಕೊನೆಯ ದಿನ ನನ್ನ ಹೆಂಡತಿಯ ತಮ್ಮ ಅರ್ಜಿ ಹಿಡಿದು ಬಂದ. ಸಹಿ ಹಾಕಲು ಪೆನ್ನು ಹುಡುಕುತ್ತಿದ್ದೆ.

ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ಚಿಕ್ಕ ಅಳತೆಯ ಗುಡ್ಡದ ಸೈಕಲ್ ತಳ್ಳಿಕೊಂಡು ಬಂದು ನಿಂತಳು. ಕಂಕುಳಲ್ಲಿ ಉದ್ದನೆಯ ಡಬ್ಬ. ಅದೇ ಭಾನುವಾರದ ಗುಂಪಿನವಳು. ತೆಲುಗಿನಲ್ಲಿ, "ಇದು ನಮ್ಮ ಯಜಮಾನರ ಹೊಸ ಫೋರ್ಕು," ಎಂದಳು.

ನಾನು ಬುದ್ಧಿ ಕಲಿತಿದ್ದೆ. "ಹಾಗಾದರೆ ಅವರ ಸೈಕಲ್ ತನ್ನಿರಮ್ಮ. ಸರಿಯಾಗಿ ಅಳೆಯಬೇಕು," ಎಂದೆ.

"ಅದೇನೂ ಬೇಡ. ಧಾರವಾಡದವರದನ್ನು ಹೇಗೆ ಕೊಯ್ದಿರೋ ಹಾಗೇ ಕೊಯ್ಯಿರಿ."

ಅವಳ ಹಿಂದೆ ಅಂಥದೇ ಡಬ್ಬ ಹಿಡಿದು ಇನ್ನಿಬ್ಬರು ಹೆಣ್ಣುಮಕ್ಕಳು ನಿಂತಿದ್ದರು. ಮೂವತ್ತು ವರ್ಷ ಸರಿಯಾಗಿ ಕೆಲಸ ಮಾಡಿದ್ದೆ, ಒಬ್ಬರೂ ಹೀಗೆ ಹುಡುಕಿಕೊಂಡು ಬಂದಿರಲಿಲ್ಲ. ನನ್ನ ಹೆಂಡತಿ ಆಗಲೇ ಗೋಣಿಚೀಲ ಹಾಸುತ್ತಿದ್ದಳು. ಅವಳ ತಮ್ಮ ಅರ್ಜಿಯನ್ನು ಮಡಿಚಿ ಜೇಬಿಗಿಟ್ಟುಕೊಂಡ.

ಗರಗಸ ಎತ್ತಿಕೊಳ್ಳುವ ಮೊದಲು ಕೇಳಿದೆ. "ಯಾಕೆ ಗಿಡ್ಡವಾಯಿತು ಅಂತ ಯಜಮಾನರು ಕೇಳಿದರೆ ಏನು ಹೇಳುತ್ತೀರಮ್ಮ?"

"ನಿಮ್ಮ ಹೆಸರು ಹೇಳುತ್ತೇನೆ," ಎಂದಳು. "ಅಷ್ಟು ಹೇಳಿದರೆ ನಂಬುತ್ತಾರೆ."